ನೇಮತಳ ದನಿಗೆ ಕಂಚು ಹದ ಮಾಡಿದವನು

ಶಿಹಾತಾ ಎಂಬ ಹೆಸರಿಗೆ ತಿರುಪೆಯಿಂದ ಬಂದವನು ಎಂದರ್ಥ. ಅವನಿಗಿಂತ ಮೊದಲು ಹುಟ್ಟಿದ ಮೂರು ಮಕ್ಕಳು ನಲವತ್ತು ದಿನ ತುಂಬುವ ಮೊದಲೇ ಕಣ್ಣು ಮುಚ್ಚಿದ್ದವು. ನಾಲ್ಕನೆಯದನ್ನಾದರೂ ಕೆಟ್ಟ ದೃಷ್ಟಿ ಬಿಟ್ಟುಬಿಡಲಿ ಎಂದು ತಾಯಿ ಏಳು ಮನೆಗಳಲ್ಲಿ ಹಳೆ ಬಟ್ಟೆ ಬೇಡಿ ತಂದು ಮಗುವಿಗೆ ಹೊದಿಸಿ ಈ ಹೆಸರಿಟ್ಟಳು. ಮಗು ಉಳಿಯಿತು. ಕೈರೋದ ಕಂಚುಗಾರರ ಬೀದಿಯಲ್ಲಿ ಅಪ್ಪನ ಪಕ್ಕದಲ್ಲೇ ಕೂತು ಸುತ್ತಿಗೆ ಹಿಡಿಯಲು ಕಲಿತು, ಇಪ್ಪತ್ತಾರನೆಯ ವಯಸ್ಸಿಗೆ ಅದೇ ಅಂಗಡಿಯ ಯಜಮಾನನೂ ಆಯಿತು.

ಕಾಫಿ ಕಾಸುವ ಪಾತ್ರೆ, ತಟ್ಟೆ, ಹೂಜಿ ಎಲ್ಲವನ್ನೂ ಶಿಹಾತಾ ಮಾಡುತ್ತಿದ್ದ. ಆದರೆ ಹೆಸರು ಬಂದಿದ್ದು ತಾಳಗಳಿಂದ. ಬೇಸಿಗೆಯಲ್ಲಿ ಅತಿಮಧುರದ ಬೇರಿನ ಪಾನಕ ಮಾರುವವರು ಎದೆಗೆ ದೊಡ್ಡ ಹೂಜಿ ಬಿಗಿದುಕೊಂಡು, ಒಂದು ಕೈಯಲ್ಲಿ ಜೋಡಿ ತಾಳ ಬಡಿಯುತ್ತಾ ಬರುತ್ತಾರಲ್ಲ, ಆ ತಾಳಗಳನ್ನು ಅವನಷ್ಟು ಚೆನ್ನಾಗಿ ಯಾರೂ ಎರಕ ಹೊಯ್ಯುತ್ತಿರಲಿಲ್ಲ. ಮೂರು ಬೀದಿ ಆಚೆಯಿಂದ ಕೇಳಿಸಿದರೂ ಇದು ಶಿಹಾತಾನ ಕೈಯದು ಎಂದು ಜನ ಹೇಳಿಬಿಡುತ್ತಿದ್ದರು. ಅವನಿಗೆ ಅಷ್ಟು ಸಾಕಾಗಿತ್ತು. ಕುಣಿಯುವ ಹೆಂಗಸರು ಬೆರಳಿಗೆ ಕಟ್ಟಿಕೊಳ್ಳುವ ಪುಟ್ಟ ತಾಳಗಳ ತಂಟೆಗೆ ಅವನು ಹೋದವನಲ್ಲ. ಅವನಪ್ಪ ಬಲು ಕಟ್ಟುನಿಟ್ಟಿನ ಮನುಷ್ಯ. ತನ್ನ ಕಂಚು ಮಸೀದಿಯ ಗೋಪುರಕ್ಕಾದರೂ ಹೋಗಲಿ, ಅಡುಗೆಮನೆಗಾದರೂ ಹೋಗಲಿ, ಹಾಡುವವರ ಕುಣಿಯುವವರ ಮನೆಗೆ ಮಾತ್ರ ಹೋಗಕೂಡದು ಎನ್ನುತ್ತಿದ್ದ. ಅಪ್ಪ ಹೋಗಿ ಎಂಟು ವರ್ಷವಾದರೂ ಮಗನಿಗೆ ಆ ಮಾತು ಮೈಗಂಟಿಕೊಂಡಿತ್ತು.

ರಾಜ ಹಡಗು ಹತ್ತಿ ದೇಶ ಬಿಟ್ಟುಹೋದ ಮರುವರ್ಷ, ವಸಂತದ ಒಂದು ಬೆಳಿಗ್ಗೆ, ತಫೀದಾ ಎಂಬ ಹೆಂಗಸು ಅವನ ಅಂಗಡಿಯ ಮೆಟ್ಟಿಲು ಹತ್ತಿದಳು. ಇಪ್ಪತ್ತೈದರ ವಯಸ್ಸು, ಕಪ್ಪು ಹೊದಿಕೆ, ಕಾಲಲ್ಲಿ ಮರದ ಹಿಮ್ಮಡಿಯ ಚಪ್ಪಲಿ. ಮುಹಮ್ಮದ್ ಅಲಿ ಬೀದಿಯವಳು ಎಂದು ನಡಿಗೆಯಲ್ಲೇ ಗೊತ್ತಾಗುತ್ತಿತ್ತು. ಮದುವೆ ಮನೆಗಳಿಗೆ ಹಾಡಲು ಕುಣಿಯಲು ಹೋಗುವ ಮೇಳಗಳೆಲ್ಲ ಇದ್ದದ್ದು ಆ ಬೀದಿಯಲ್ಲೇ.

"ಉಸ್ತಾ, ಬೆರಳ ತಾಳ ಬೇಕಿತ್ತು. ನಾಲ್ಕು ಬಿಲ್ಲೆ, ಎರಡು ಜೋಡಿ."

"ನಾನು ಅದನ್ನ ಮಾಡಲ್ಲ ತಾಯಿ."

"ಪಾನಕದವರ ತಾಳ ಮಾಡ್ತೀರಲ್ಲ. ಅದನ್ನೇ ಒಂಚೂರು ಚಿಕ್ಕದು ಮಾಡಿ. ಬಾಣಲೆ ಮಾಡೋರಿಗೆ ಸೌಟು ಮಾಡೋಕೆ ಬರಲ್ವಾ?"

ಎದುರು ಅಂಗಡಿಯ ಹಾಜಿ ಬಯ್ಯೂಮಿ ಕೆಲಸ ನಿಲ್ಲಿಸಿ ಇತ್ತಲೇ ನೋಡುತ್ತಿದ್ದ. ಶಿಹಾತಾನಿಗೆ ಸಂಕೋಚ. ಬೇಗ ಸಾಗಹಾಕಿದರೆ ಸಾಕೆಂದು ಒಪ್ಪಿಕೊಂಡ.

ಮಾಡಿ ಕೊಟ್ಟ. ಐದನೆಯ ದಿನ ತಾಳಗಳು ವಾಪಸು ಬಂದವು. "ಜಗಳ ಆಡ್ತವೆ," ಎಂದಳು ತಫೀದಾ. ಅಂಚು ಅರದಿಂದ ಉಜ್ಜಿ ಕೊಟ್ಟ. ಮತ್ತೆ ವಾಪಸು ಬಂದವು. "ಇದನ್ನ ಕಟ್ಟಿಕೊಂಡು ಕುಣಿದ್ರೆ ಜನ ಲೋಟ ಹಿಡ್ಕೊಂಡು ಪಾನಕಕ್ಕೆ ಸಾಲು ನಿಲ್ತಾರೆ ಅಷ್ಟೆ." ಶಿಹಾತಾನಿಗೆ ಮೂಗಿನ ತುದಿಗೆ ಕೋಪ ಬಂತು. ಅವನ ತಾಳದಲ್ಲಿ ತಪ್ಪು ಹುಡುಕಿದವರು ಈವರೆಗೆ ಯಾರೂ ಇರಲಿಲ್ಲ.

ಮೂರನೆಯ ಸಲ ತಫೀದಾ ಒಬ್ಬಳೇ ಬರಲಿಲ್ಲ. ಅವಳ ಹಿಂದೆ ಮೆಟ್ಟಿಲು ಹತ್ತಲು ಏದುಸಿರು ಬಿಡುತ್ತಾ ಐವತ್ತು ದಾಟಿದ ಭಾರೀ ಮೈಯ ಹೆಂಗಸೊಬ್ಬಳು ಬಂದಳು. ಕೊರಳಿಗೆ ಉಣ್ಣೆಯ ಪಟ್ಟಿ ಸುತ್ತಿಕೊಂಡಿದ್ದಳು, ಒಂದು ಹಲ್ಲು ಚಿನ್ನದ್ದು. ಆಕೆಯೇ ನೇಮತ್. ತಫೀದಾಳ ದೊಡ್ಡಮ್ಮ, ಸಾಕಿದವಳು, ಮೇಳದ ಯಜಮಾನಿ, ಹಾಡುಗಾರ್ತಿ. ಕಸುಬಿನ ಗುರುವನ್ನು ಉಸ್ತಾ ಎನ್ನುವಂತೆ, ಮುಹಮ್ಮದ್ ಅಲಿ ಬೀದಿಯಲ್ಲಿ ಮೇಳ ನಡೆಸುವ ಹೆಂಗಸನ್ನೂ ಉಸ್ತಾ ಎಂದೇ ಕರೆಯುವುದು.

"ಸಲಾಂ, ಉಸ್ತಾ," ಎಂದಳು.

"ನಿಮಗೂ ಸಲಾಂ, ಉಸ್ತಾ," ಎಂದ ಅವನು.

"ಇಬ್ಬರು ಉಸ್ತಾಗಳು ಸೇರಿದ್ವಿ. ಇನ್ನು ಯಾರು ಯಾರಿಗೆ ಕಲಿಸೋದು?" ಎಂದು ನಕ್ಕು, ಅವಳು ಮುಕ್ಕಾಲಿ ಎಳೆದು ಕೂತಳು. "ಆ ತಾಳ ಕೈಗೆ ತಗೋ. ನಾನು ಒಂದು ದನಿ ಹಿಡೀತೀನಿ. ನೀನು ಒಂದೇ ಒಂದು ಸಲ ಬಡಿ."

ಅವಳು ಬಾಯಿ ತೆರೆದಂತೆಯೇ ಕಾಣಲಿಲ್ಲ. ಅಂಗಡಿಯೊಳಗೆ ಒಂದು ದನಿ ಇತ್ತು ಅಷ್ಟೆ, ಮೊದಲಿಂದಲೂ ಅಲ್ಲೇ ಇದ್ದ ಹಾಗೆ. ಶಿಹಾತಾ ತಾಳ ತಟ್ಟಿದ. ತಟ್ಟಿದ ಕ್ಷಣವೇ ಅವನ ಹಲ್ಲು ಜುಮ್ಮೆಂದಿತು. ಎರಡು ದನಿಗಳ ನಡುವೆ ಏನೋ ನಡುಗುತ್ತಿತ್ತು, ಚೌಕಟ್ಟಿಗೆ ಕೂರದ ಬಾಗಿಲಿನಂತೆ ಅದುರುತ್ತಿತ್ತು.

"ಕೇಳಿಸ್ತಾ?"

"ಕೇಳಿಸ್ತು," ಎಂದ ಅವನು, ತಲೆ ತಗ್ಗಿಸಿ.

"ಕೇಳಿಸಿದ್ರೆ ನೀನು ಮಾಡಬಲ್ಲೆ. ಕೇಳಿಸದೆ ಇರೋರ ಹತ್ರ ನಾನು ಎರಡನೇ ಸಲ ಹೋಗಲ್ಲ. ಗುರುವಾರ ಸೈಯಿದಾ ಜೈನಬ್ ಕೇರಿ ಕಡೆ ಕಟುಕರೊಬ್ಬರ ಮನೇಲಿ ಮದುವೆ ಇದೆ. ಮೂರನೇ ನಮಾಜು ಮುಗಿಸಿ ಬಾ. ಕೂತು ಕೇಳು. ಆಮೇಲೆ ಕಂಚು ಕರಗಿಸು."

ಹೋಗಲೋ ಬೇಡವೋ ಎಂದು ಅವನು ಮೂರು ದಿನ ಒದ್ದಾಡಿದ. ಹೆಂಡತಿ ರತೀಬಾ, ಬೇಯಿಸಿದ ಅವರೆಯನ್ನು ರೊಟ್ಟಿಗೆ ತುಂಬುತ್ತಾ, "ಹೋಗಿ ಬನ್ನಿ ಮಾರಾಯ್ರೆ. ಗೋಡೆ ನೋಡ್ಕೊಂಡು ಹಲ್ಲು ಕಡೀತಾ ಕೂತ್ರೆ ನನಗೇನು ಲಾಭ?" ಎಂದಳು.

ಗಲ್ಲಿಯ ಈ ತುದಿಯಿಂದ ಆ ತುದಿಗೆ ಬಣ್ಣದ ಬಟ್ಟೆಯ ಚಪ್ಪರ ಕಟ್ಟಿದ್ದರು. ಇಳಿಬಿಸಿಲು ಬಟ್ಟೆಯ ಕೆಂಪು ನೀಲಿಗಳ ಮೂಲಕ ಎಲ್ಲರ ಮುಖದ ಮೇಲೂ ಬೀಳುತ್ತಿತ್ತು. ಹಲಗೆ ಜೋಡಿಸಿದ ವೇದಿಕೆಯ ಮೇಲೆ ಊದ್ ಎಂಬ ತಂತಿವಾದ್ಯ, ಪಿಟೀಲು, ದಮ್ಮಡಿ, ತಬಲಾ ಹಿಡಿದ ನಾಲ್ವರು. ನಡುವೆ ಕುರ್ಚಿಯ ಮೇಲೆ ನೇಮತ್, ಕೈಯಲ್ಲಿ ಒಂದು ಕರವಸ್ತ್ರ. ಅವಳ ಹಿಂದೆ ಎರಡು ಹೆಜ್ಜೆ ದೂರದಲ್ಲಿ ತಫೀದಾ, ಪಾದ ಮುಚ್ಚುವ ಉದ್ದನೆಯ ಅಂಗಿ, ಸೊಂಟಕ್ಕೆ ಬಿಗಿದ ವಸ್ತ್ರ. ಕೈ ಎರಡೂ ಬರಿದು.

ಊದ್ ಒಂದು ಸ್ವರ ಕೊಟ್ಟಿತು. ನೇಮತ್ 'ಯಾ ಲೇಲ್' ಎಂದಳು. ಓ ರಾತ್ರಿಯೇ. ಆಮೇಲೆ 'ಯಾ ಐನ್' ಎಂದಳು. ಓ ಕಣ್ಣೇ. ಅಷ್ಟೇ ಮಾತು. ಕಾಲು ಗಂಟೆಯವರೆಗೂ ಈ ಎರಡು ಮಾತುಗಳ ಹೊರತು ಮೂರನೆಯದು ಅವಳ ಬಾಯಿಂದ ಬರಲಿಲ್ಲ. ಆದರೆ ಶಿಹಾತಾನಿಗೆ ತನ್ನ ಮೂವತ್ತನಾಲ್ಕು ವರ್ಷಗಳಲ್ಲಿ ಯಾರೂ ತನ್ನೊಡನೆ ಇಷ್ಟು ಮಾತಾಡಿಲ್ಲ ಎನಿಸಿತು. ದನಿ ಒಂದು ಸ್ವರದ ಮೇಲೆ ಕೂರುತ್ತಿತ್ತು, ಅಲ್ಲಿಂದ ಜಾರಿ ಎರಡು ಸ್ವರಗಳ ನಡುವೆ ಯಾವ ವಾದ್ಯದ ಬೆರಳೂ ತಲುಪದ ಸಂದಿಯೊಂದನ್ನು ಹುಡುಕಿಕೊಳ್ಳುತ್ತಿತ್ತು, ಅಲ್ಲೇ ನಿಂತು ನಡುಗುತ್ತಿತ್ತು. ಸತ್ತುಹೋದ ಮೂವರು ಒಡಹುಟ್ಟಿದವರು ಅವನಿಗೆ ನೆನಪಾದರು. ಅವನು ನೋಡಿಯೇ ಇರದ ಆ ಕೂಸುಗಳು ಅದೇಕೆ ಆಗ ನೆನಪಾದವೋ ಅವನಿಗೆ ತಿಳಿಯದು.

"ಅಲ್ಲಾ!" ಎಂದು ಕಟುಕರ ಮುದುಕನೊಬ್ಬ ಕೂಗಿದ. "ಮತ್ತೊಂದ್ಸಲ, ಉಸ್ತಾ! ನಿನ್ನ ಗಂಟಲು ನೂರು ವರ್ಷ ಬಾಳಲಿ!"

"ಸುಮ್ನಿರೋ, ನೂರು ವರ್ಷ ಆದ್ಮೇಲೆ ನಿನ್ನ ಕಿವಿ ಎಲ್ಲಿರುತ್ತೆ?" ಎಂದು ನೇಮತ್ ಹಾಡಿನ ನಡುವೆಯೇ ಹೇಳಿ, ಬಿಟ್ಟ ಕಡೆಯಿಂದಲೇ ಎತ್ತಿಕೊಂಡಳು. ಜನ ಬಿದ್ದು ಬಿದ್ದು ನಕ್ಕರು. ನಗು ಇನ್ನೂ ಬಾಯಲ್ಲಿರುವಾಗಲೇ ದನಿ ಅವರನ್ನು ಮತ್ತೆ ಹಿಡಿದುಕೊಂಡಿತು.

ಆಮೇಲೆ ತಫೀದಾ ಮುಂದೆ ಬಂದಳು. ಕುಣಿತವೆಂದರೆ ಹಾರುವುದು, ಸುತ್ತುವುದು ಎಂದು ಶಿಹಾತಾ ತಿಳಿದಿದ್ದ. ಅವಳು ನಿಂತ ಜಾಗ ಬಿಟ್ಟು ಕದಲಲಿಲ್ಲ. ಭುಜ ನಿಶ್ಚಲ, ಮುಖ ಶಾಂತ, ಬಾವಿಗೆ ಕಿವಿಗೊಟ್ಟವಳಂತೆ ತಲೆ ಒಂದಿಷ್ಟು ಓರೆ. ದನಿ ನಡುಗಿದಾಗ ಅವಳ ಹೊಟ್ಟೆಯ ಮೇಲಿನ ಬಟ್ಟೆ ನಡುಗಿತು. ದನಿ ಮೇಲೇರಿದಾಗ ಒಂದು ಸೊಂಟ ಮೆಲ್ಲನೆ ಎದ್ದಿತು, ಎಷ್ಟು ಮೆಲ್ಲನೆ ಎಂದರೆ ಅದು ಯಾವಾಗ ಎದ್ದಿತೆಂದು ಯಾರೂ ಹೇಳಲಾರರು. ನೇಮತ್ ಸ್ವರಗಳನ್ನೆಲ್ಲ ಒಂದೊಂದಾಗಿ ಇಳಿಸುತ್ತಾ ತಂದು ನೆಲೆಗೆ ಮುಟ್ಟಿಸಿದ ಗಳಿಗೆಯಲ್ಲೇ ಆ ಸೊಂಟ ಬಿತ್ತು. ಕೂದಲೆಳೆಯಷ್ಟೂ ಹಿಂದಲ್ಲ, ಮುಂದಲ್ಲ. ಚಪ್ಪರದ ತುಂಬ ಜನ ಒಂದೇ ಉಸಿರು ಬಿಟ್ಟರು. ಹೆಂಗಸರು ನಾಲಿಗೆ ಆಡಿಸಿ ಕೇಕೆ ಹಾಕಿದರು.

ಶಿಹಾತಾ ಎದ್ದು ನಿಂತಿದ್ದ. ತಾನು ಎದ್ದದ್ದು ಅವನಿಗೆ ಗೊತ್ತಿರಲಿಲ್ಲ. ಕರಗಿದ ಕಂಚು ಅಚ್ಚಿನೊಳಗೆ ಇಳಿಯುವುದನ್ನು ಅವನು ಸಾವಿರ ಸಲ ನೋಡಿದ್ದ, ಅದೂ ಹೀಗೆಯೇ, ಒಂದು ಮೂಲೆಯನ್ನೂ ಬಿಡದೆ ತುಂಬಿಕೊಳ್ಳುತ್ತದೆ. ಆದರೆ ಅಲ್ಲಿ ಬೆಂಕಿ ಬೇಕು, ಇಕ್ಕಳ ಬೇಕು. ಇಲ್ಲಿ ಒಬ್ಬಳ ಗಂಟಲಿಂದ ಇನ್ನೊಬ್ಬಳ ಮೈಯೊಳಗೆ ಬರಿಯ ಗಾಳಿಯ ಮೇಲೆ ಸಾಗಿಬಂದಿತ್ತು. ತಾನು ಮಾಡಿದ ತಾಳ ಈ ಇಬ್ಬರ ನಡುವೆ ನಿಂತು ಕಿರುಚಿತ್ತು ಎಂದು ನೆನೆದು ಅವನಿಗೆ ನಾಚಿಕೆಯಾಯಿತು.

ಮರುದಿನದಿಂದ ಅವನಿಗೆ ಬೇರೆ ಕೆಲಸ ಬೇಡವಾಯಿತು. ಮಾಮೂಲಿ ಕಂಚಿಗಿಂತ ತವರ ಹೆಚ್ಚಿಸಿ ಎರಕ ಹೊಯ್ದ, ಒಡೆದುಹೋಯಿತು. ಕಡಿಮೆ ಮಾಡಿದ, ದನಿ ಮಂಕಾಯಿತು. ಅಂಚು ಕತ್ತರಿಸಿದರೆ ದನಿ ಏರುತ್ತದೆ, ಒಳಮೈ ಕೆರೆದರೆ ಇಳಿಯುತ್ತದೆ, ಅಷ್ಟು ಅವನಿಗೆ ಮೊದಲೇ ಗೊತ್ತಿತ್ತು. ಆದರೆ ಎಷ್ಟು ಕೆರೆಯಬೇಕು ಎಂಬುದು ನೇಮತಳ ಗಂಟಲಲ್ಲಿತ್ತು. ಆದ್ದರಿಂದ ಪ್ರತಿ ಮಂಗಳವಾರ ಬೆಳಿಗ್ಗೆ ಅವಳೇ ಅಂಗಡಿಗೆ ಬರತೊಡಗಿದಳು. ಪುದೀನ ಹಾಕಿದ ಚಹಾ ಕುಡಿದು, ಒಂದು ದನಿ ಹಿಡಿದು, ಅವನು ತಟ್ಟಿದ್ದನ್ನು ಕೇಳಿ, "ಇನ್ನೂ ಅತ್ತೆ ಸೊಸೆ," ಎಂದು ಹೇಳಿ ಹೋಗುತ್ತಿದ್ದಳು.

ಹಾಜಿ ಬಯ್ಯೂಮಿಗೆ ಇದು ಸರಿಬರಲಿಲ್ಲ. "ನಿಮ್ಮಪ್ಪ ಇದ್ದಿದ್ರೆ ಈ ಮುಕ್ಕಾಲೀನ ಬೀದಿಗೆ ಎಸೀತಿದ್ದ," ಎಂದು ಎಲ್ಲರಿಗೂ ಕೇಳುವಂತೆ ಹೇಳಿದ. ಮಂಗಳವಾರ ನೇಮತ್ ಬಂದಳೆಂದರೆ ಬೇಕೆಂದೇ ದೊಡ್ಡ ಕೊಪ್ಪರಿಗೆ ಎತ್ತಿಕೊಂಡು ಬಡಿಯಲು ಶುರುಮಾಡುತ್ತಿದ್ದ. ನೇಮತ್ ತಿರುಗಿಯೂ ನೋಡದೆ ಚಹಾ ಹೀರುತ್ತಿದ್ದಳು. ಮೊದಲೇ ಆ ಬೀದಿಯಲ್ಲಿ ಬೆಳಗಿನಿಂದ ನೂರು ಸುತ್ತಿಗೆಗಳು ಬೀಳುತ್ತವೆ, ಅಲ್ಲಿ ಹುಟ್ಟಿದವರು ಕೂಗಿಯೇ ಮಾತಾಡುತ್ತಾರೆ.

ಶರತ್ಕಾಲದ ಹೊತ್ತಿಗೆ, ಒಂಬತ್ತನೆಯ ಸಲ ಎರಕ ಹೊಯ್ದ ತಾಳಗಳನ್ನು ಶಿಹಾತಾ ಅವಳ ಮುಂದಿಟ್ಟ. ನೇಮತ್ ದನಿ ಹಿಡಿದಳು. ಅವನು ತಟ್ಟಿದ. ತಟ್ಟಿದ್ದು ಕೈಗೆ ಗೊತ್ತಾಯಿತು, ಕಿವಿಗೆ ಗೊತ್ತಾಗಲಿಲ್ಲ. ತಾಳದ ಸದ್ದು ಅವಳ ದನಿಯೊಳಗೆ ಸೇರಿಹೋಗಿತ್ತು. ದನಿಗೆ ಮಾತ್ರ ಒಂದು ಹೊಳಪು ಬಂದಿತ್ತು, ನೀರ ಮೇಲೆ ಬಿಸಿಲು ಬಿದ್ದ ಹಾಗೆ.

ನೇಮತ್ ನಿಲ್ಲಿಸಲಿಲ್ಲ. ಕಣ್ಣು ಮುಚ್ಚಿ, ಕೊರಳ ಪಟ್ಟಿ ಬಿಚ್ಚಿ, ಮೊದಲ ಬಾರಿಗೆ ಆ ಬೀದಿಯಲ್ಲಿ ಬಾಯಿ ತುಂಬ ಹಾಡಿದಳು. ಪಕ್ಕದ ಅಂಗಡಿಯ ಸುತ್ತಿಗೆ ನಿಂತಿತು. ಅದರಾಚೆಯದು ನಿಂತಿತು. ಮಳೆ ನಿಲ್ಲುವಾಗ ಹನಿಗಳು ವಿರಳವಾಗುವಂತೆ, ಬೀದಿಯ ಉದ್ದಕ್ಕೂ ಒಂದೊಂದೇ ಸುತ್ತಿಗೆ ತಣ್ಣಗಾಯಿತು. ಕೊನೆಗೆ ಉಳಿದದ್ದು ಹಾಜಿಯ ಕೊಪ್ಪರಿಗೆಯ ಸದ್ದು. ಅದೂ ಎರಡು ಸಲ ಬಡಿಯಿತು, ಮೂರನೆಯದು ಬೀಳಲಿಲ್ಲ. ಶಿಹಾತಾ ಕತ್ತೆತ್ತಿ ನೋಡಿದರೆ ಮುದುಕ ಎತ್ತಿದ ಸುತ್ತಿಗೆಯನ್ನು ಎತ್ತಿದಂತೆಯೇ ಹಿಡಿದು ನಿಂತಿದ್ದ, ಗಡ್ಡ ಒದ್ದೆಯಾಗಿತ್ತು. ಆ ಬೀದಿ ಹುಟ್ಟಿದಂದಿನಿಂದ ಕೆಲಸದ ದಿನ ಹಗಲಲ್ಲಿ ಅಂಥ ಮೌನ ಯಾರೂ ಕಂಡಿರಲಿಲ್ಲ. ಹೇಸರಗತ್ತೆಯೊಂದು ಸೀನಿದ್ದು ಈ ತುದಿಯಿಂದ ಆ ತುದಿಗೆ ಕೇಳಿಸಿತು.

ತಫೀದಾ ತಾಳಗಳನ್ನು ಬೆರಳಿಗೆ ಕಟ್ಟಿಕೊಂಡಳು. ಕಪ್ಪು ಹೊದಿಕೆಯನ್ನೇ ಸೊಂಟಕ್ಕೆ ಬಿಗಿದು, ತಟ್ಟೆ ಪಾತ್ರೆಗಳ ನಡುವಿನ ಮೊಳದಗಲದ ಜಾಗದಲ್ಲಿ ನಿಂತಳು. ಕೈಯಳತೆಯ ದೂರದಲ್ಲಿ ಶಿಹಾತಾ ಅದನ್ನು ನೋಡಿದ. ದನಿ, ತಾಳ, ಮೈ ಈ ಮೂರರಲ್ಲಿ ಯಾವುದು ಮೊದಲು ಯಾವುದು ಆಮೇಲೆ ಎಂದು ಹೇಳಲು ಅವನಿಗೆ ಆಗಲಿಲ್ಲ. ಉಸಿರಾಡಿದರೆ ಕೆಟ್ಟುಹೋದೀತೆಂದು ಉಸಿರು ಹಿಡಿದ.

ಹಾಡು ಮುಗಿದ ಮೇಲೆ ಹಾಜಿ ಬಯ್ಯೂಮಿ ಬೀದಿ ದಾಟಿ ಬಂದ. ಏನು ಬೈಯುವನೋ ಎಂದು ಎಲ್ಲರೂ ಕಾದರು. ಅವನು ನೇಮತಳ ಮುಂದೆ ನಿಂತು, "ಅಮ್ಮಾ, ಬರೋ ಮಂಗಳವಾರ ಬರ್ತೀಯಾ?" ಎಂದು ಕೇಳಿದ.

"ತಾಳ ಆಯ್ತಲ್ಲ ಹಾಜಿ. ಇನ್ಯಾಕೆ ಬರ್ಲಿ?"

"ನನ್ನ ಕೊಪ್ಪರಿಗೆ ಒಂದಿದೆ. ಅದರ ದನಿ ಸ್ವಲ್ಪ ನೋಡಬೇಕಿತ್ತು," ಎಂದ ಹಾಜಿ. ಬೀದಿಗೆ ಬೀದಿಯೇ ನಕ್ಕಿತು, ಹಾಜಿ ಮಾತ್ರ ನಗಲಿಲ್ಲ.

ಆಮೇಲೆ ಶಿಹಾತಾನ ಹೆಸರು ಬೇರೆ ಬಗೆಯಲ್ಲಿ ಹರಡಿತು. ಅಲೆಕ್ಸಾಂಡ್ರಿಯಾದಿಂದ, ತಂತಾದಿಂದ ಕುಣಿಯುವವರು ಬಂದರು. ಎಲ್ಲರಿಗೂ ಅವನದು ಒಂದೇ ಮಾತು. "ಯಾರ ಹಾಡಿಗೆ ಕುಣೀತೀಯಮ್ಮ? ಅವರನ್ನ ಕರ್ಕೊಂಡು ಬಾ. ಅವರನ್ನ ಕೇಳದೆ ನಾನು ಬೆಂಕಿ ಹಚ್ಚಲ್ಲ." ಕೆಲವರು ಸಿಟ್ಟಾಗಿ ಹೋದರು, ಹೆಚ್ಚಿನವರು ಕರೆತಂದರು.

ನಾಲ್ಕು ವರ್ಷ ಕಳೆದ ಮೇಲೆ ತಫೀದಾ ಮತ್ತೆ ಆ ತಾಳಗಳನ್ನು ತಂದಳು. ಈ ಸಲ ಅವಳಲ್ಲಿ ಕುಹಕವಿರಲಿಲ್ಲ.

"ಜಗಳ ಶುರು ಮಾಡ್ತವೆ, ಅಣ್ಣ."

ಶಿಹಾತಾ ತಟ್ಟಿ ನೋಡಿದ. "ಇದರಲ್ಲೇನೂ ಬದಲಾಗಿಲ್ಲವಲ್ಲ?"

"ಬದಲಾಗಿದ್ದು ದೊಡ್ಡಮ್ಮನ ಗಂಟಲು. ಮೊದಲಿನ ಎತ್ತರಕ್ಕೆ ಹೋಗ್ತಿಲ್ಲ. ಅವಳಿಗೆ ಹೇಳ್ಬೇಡಿ."

ಹೇಳುವ ಅಗತ್ಯ ಬೀಳಲಿಲ್ಲ. ನೇಮತಳೇ ಮೆಟ್ಟಿಲು ಹತ್ತಿ ಬಂದಿದ್ದಳು. "ಏನು ಗುಟ್ಟು ಮಾಡ್ತೀರಾ? ನನ್ನ ಗಂಟಲು ನನಗೆ ಗೊತ್ತಿಲ್ವಾ? ಕೆರಿಯೋ ಮಗಾ. ನಾನೆಲ್ಲಿಗೆ ಇಳೀತೀನೋ ಅಲ್ಲಿಗೆ ಅದನ್ನೂ ಇಳಿಸು."

ಶಿಹಾತಾ ಒಳಮೈ ಕೆರೆದ. ಎಳ್ಳಿನಷ್ಟು ಪುಡಿ ಉದುರಿತು, ತಾಳ ಅವಳ ಹೊಸ ದನಿಯನ್ನು ಸೇರಿಕೊಂಡಿತು. ಮತ್ತೆ ಮೂರು ವರ್ಷಕ್ಕೆ ಕೆರೆದ, ಮತ್ತೆ ನಾಲ್ಕಕ್ಕೆ. ದನಿ ಇಳಿಯುತ್ತಾ ಹೋದಷ್ಟೂ ಅದರಲ್ಲಿ ಮೊದಲಿಲ್ಲದ ಒಂದು ಗಾಢತೆ ಸೇರುತ್ತಿತ್ತು. ಹೊಸದನ್ನೇ ಎರಕ ಹೊಯ್ದು ಕೊಡುತ್ತೇನೆ ಎಂದು ಅವನು ಎಷ್ಟು ಹೇಳಿದರೂ ತಫೀದಾ ಒಪ್ಪಲಿಲ್ಲ. ಬೆರಳು ಅದಕ್ಕೇ ಒಗ್ಗಿತ್ತು. ಹದಿನಾರನೆಯ ವರ್ಷ ಕೆರೆಯಲು ಕೂತವನು ತಾಳವನ್ನು ಬೆಳಕಿಗೆ ಹಿಡಿದು ನೋಡಿ ಕೆಳಗಿಟ್ಟ.

"ಆಗಲ್ಲ, ಉಸ್ತಾ. ಈರುಳ್ಳಿ ಸಿಪ್ಪೆ ಆಗಿದೆ. ಇನ್ನು ಮುಟ್ಟಿದ್ರೆ ಹರಿದುಹೋಗತ್ತೆ."

"ಸರಿ ಬಿಡು," ಎಂದಳು ನೇಮತ್. "ಅದೂ ಅಲ್ಲೇ ನಿಲ್ಲಲಿ, ನಾನೂ ನಿಲ್ತೀನಿ." ಅಂದಿನಿಂದ ಅವಳು ಮದುವೆಗಳಿಗೆ ಹೋಗುವುದನ್ನು ಬಿಟ್ಟಳು.

ಮರುವರ್ಷ ಶಿಹಾತಾನ ಮಗಳು ವಿದಾದಳ ಮದುವೆ ಗೊತ್ತಾಯಿತು. ಅವನು ನೇಮತಳ ಮನೆಗೆ ಹೋಗಿ ಕರೆದ. ಊಟಕ್ಕೆ ಕರೆದನೇ ಹೊರತು ಹಾಡಲು ಕೇಳಲಿಲ್ಲ, ಕೇಳಲು ಬಾಯಿ ಬರಲಿಲ್ಲ. ಅವಳು ಬಂದಳು. ಅರವತ್ತೆಂಟರ ಮುದುಕಿಯನ್ನು ಇಬ್ಬರು ಹಿಡಿದುಕೊಂಡು ಬಂದರು. ಬಂದವಳು ಊಟದ ಕಡೆ ನೋಡದೆ ನೇರ ಹಲಗೆ ಹತ್ತಿ ಕುರ್ಚಿಯಲ್ಲಿ ಕೂತಳು. "ಊದಿನವನೇ, ನಿನ್ನ ಕೈಲಿ ಇರೋದ್ರಲ್ಲಿ ತೀರಾ ಕೆಳಗಿನ ಸ್ವರ ಯಾವುದಿದೆಯೋ ಅದನ್ನ ಕೊಡು," ಎಂದಳು.

ಬಿಸಿಲಿನ್ನೂ ಮಾಳಿಗೆಗಳ ಮೇಲಿತ್ತು. ಶರಬತ್ತಿನ ತಟ್ಟೆ ಹಿಡಿದು ಓಡಾಡುತ್ತಿದ್ದ ಶಿಹಾತಾ ಇದ್ದಲ್ಲೇ ನಿಂತ. 'ಯಾ ಲೇಲ್.' ಅದು ಹಾಡಿಗಿಂತ ಹೆಚ್ಚಾಗಿ ಉಸಿರಾಗಿತ್ತು, ಅಲ್ಲಲ್ಲಿ ಸೀಳಿತ್ತು. ಸೀಳಿದ ಕಡೆಗಳಲ್ಲೆಲ್ಲ ತಫೀದಾಳ ಬೆರಳ ತಾಳ ಮೆಲ್ಲನೆ ಒದಗುತ್ತಿತ್ತು. ತಫೀದಾಳಿಗೂ ಈಗ ನಲವತ್ತೆರಡು. ಅವಳು ನಿಂತಲ್ಲೇ ನಿಂತು, ಬರಿಯ ಎದೆಯ ಏರಿಳಿತದಲ್ಲಿ, ಸೊಂಟದ ಒಂದು ಅಂಗುಲದ ಸುಳಿಯಲ್ಲಿ ಆ ದನಿಯನ್ನು ಎತ್ತಿಕೊಂಡಿದ್ದಳು. ನೇಮತ್ ಮೇಲಕ್ಕೆ ಹೊರಟಳು. ಯಾರೂ ಅದನ್ನು ಎದುರು ನೋಡಿರಲಿಲ್ಲ. ಒಂದು ಸ್ವರ, ಎರಡು, ಮೂರನೆಯದರ ಮೇಲೆ ನಿಂತು ಹಿಡಿದಳು.

ಆಗ ಅವಳ ಉಸಿರು ಕೈಕೊಟ್ಟಿತು. ತುಟಿ ತೆರೆದೇ ಇತ್ತು, ದನಿ ಮಾತ್ರ ನಿಂತುಹೋಗಿತ್ತು. ಆದರೆ ಚಪ್ಪರದಲ್ಲಿ ಸ್ವರ ನಿಲ್ಲಲಿಲ್ಲ. ತಫೀದಾ ತಾಳಗಳ ಅಂಚಿಗೆ ಅಂಚು ತಾಗಿಸಿ ನಡುಗಿಸುತ್ತಿದ್ದಳು. ಅದೇ ಎತ್ತರ, ಅದೇ ಬಣ್ಣ, ಅದೇ ನಡುಕ. ಮುನ್ನೂರು ಜನ ಕೂತಿದ್ದರು, ಎಲ್ಲರೂ ಮುದುಕಿ ಇನ್ನೂ ಹಾಡುತ್ತಿದ್ದಾಳೆಂದೇ ಕೇಳುತ್ತಿದ್ದರು. ತಾಳದ ಆ ಎಳೆಯ ಮೇಲೆ ತಫೀದಾಳ ಸೊಂಟ ನಿಧಾನವಾಗಿ ಏರುತ್ತಾ ಇತ್ತು. ಹದಿನೇಳು ವರ್ಷ ತನ್ನ ಕೈ ಏನು ಕೆರೆಯುತ್ತಿತ್ತೆಂದು ಶಿಹಾತಾನಿಗೆ ಗೊತ್ತಾದದ್ದು ಆಗ. ನೇಮತ್ ಒಂದು ದೀರ್ಘ ಉಸಿರು ತುಂಬಿಕೊಂಡಳು, ಕಂಚಿನ ದನಿಯೊಳಕ್ಕೆ ತನ್ನ ದನಿಯನ್ನು ಇಟ್ಟಳು, ಅಲ್ಲಿಂದ ಮೆಲ್ಲನೆ ಇಳಿಸಿಕೊಂಡು ಬಂದು ನೆಲೆ ಮುಟ್ಟಿಸಿದಳು. ಸೊಂಟ ಬಿತ್ತು. ಜನ ಎದ್ದು ಕೂಗಿದರು. ಮದುಮಗಳು ವಿದಾದ್ ತನ್ನ ಕುರ್ಚಿ ಬಿಟ್ಟು ಬಂದು ಮುದುಕಿಯ ಕೈಗೆ ಮುತ್ತಿಟ್ಟಳು.

ಊಟದ ಹೊತ್ತಿಗೆ ಶಿಹಾತಾ ಅವಳ ತಟ್ಟೆಗೆ ಬಾತುಕೋಳಿಯ ತುಂಡು ಬಡಿಸಿದ.

"ನಡುವೆ ನಾನು ನಿಲ್ಲಿಸಿದ್ದು ಯಾರಿಗೂ ಗೊತ್ತಾಗ್ಲಿಲ್ಲ ಅಲ್ವಾ?" ಎಂದು ಅವಳು ಪಿಸುಗುಟ್ಟಿದಳು.

"ನನಗೆ ಗೊತ್ತಾಯ್ತು."

"ನಿನಗೂ ಗೊತ್ತಾಗದೆ ಹೋಗಿದ್ರೆ ನಿನ್ನ ಕಿವಿ ಹಿಂಡ್ತಿದ್ದೆ. ಆ ಕಾಲು ತುಂಡೂ ಹಾಕು, ಹಸಿವಾಗಿದೆ."

ಅದಾದ ಮೇಲೆ ನೇಮತ್ ಎರಡು ವರ್ಷ ಬದುಕಿದಳು, ಹಾಡಲಿಲ್ಲ. ಅವಳು ಹೋದ ಮೇಲೆ ತಫೀದಾ ಮೇಳದ ಯಜಮಾನಿಯಾದಳು. ಶೋಕದ ನಲವತ್ತು ದಿನ ಕಳೆದ ನಂತರ ಅವಳು ಗಟ್ಟಿ ಗಂಟಲಿನ ಹುಡುಗಿಯೊಬ್ಬಳನ್ನು ಶಿಹಾತಾನ ಅಂಗಡಿಗೆ ಕರೆತಂದು, "ಇವಳಿಗೆ ಇನ್ನೂ ಏನೂ ಬರಲ್ಲ, ಆದ್ರೆ ಕೇಳಿ," ಎಂದಳು. ಹುಡುಗಿ ನಾಚುತ್ತಾ ಒಂದು ದನಿ ಹಿಡಿದಳು. ಶಿಹಾತಾ ಬಹಳ ಹೊತ್ತು ಕೇಳಿದ. ಆಮೇಲೆ ಎದ್ದು ಹೋಗಿ ಕುಲುಮೆಗೆ ಇದ್ದಿಲು ಹಾಕಿದ.